ದಪ್ಪ ಪಠ್ಯಪುಸ್ತಕ, ಒಬ್ಬ ಅಭ್ಯರ್ಥಿ: ಪರವಾನಗಿ ಪರೀಕ್ಷೆಯ ಓದಿನ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ವೈದ್ಯಕೀಯ ಪದವಿ ಮುಗಿಸಿ, ವೈದ್ಯವೃತ್ತಿಗೆ ಅನುಮತಿ ಕೊಡುವ ಪರವಾನಗಿ ಪರೀಕ್ಷೆಯಲ್ಲಿ ಒಮ್ಮೆ ಫೇಲಾಗಿ, ಮತ್ತೆ ಓದಲು ಕುಳಿತ ಒಬ್ಬ ಯುವ ವೈದ್ಯೆಯ ಪ್ರಕರಣ ಇದು. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಕಾಲೇಜು, ಪರೀಕ್ಷೆ ಬರೆದ ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯನ್ನು ಅಭ್ಯರ್ಥಿ ಎಂದಷ್ಟೇ ಕರೆಯುತ್ತೇನೆ. ಎರಡನೆಯ ಸಲದ ತಯಾರಿಯಲ್ಲಿ ನಾನು ಆಕೆಗೆ ಮಾರ್ಗದರ್ಶಕನಾಗಿದ್ದೆ.

ಫೇಲಾದವರ ಬಗ್ಗೆ ಸುತ್ತಲಿನವರು ಮೊದಲು ಆಡುವ ಮಾತೇ ‘ಸರಿಯಾಗಿ ಓದಿಲ್ಲ’ ಎಂಬುದು. ಈ ಅಭ್ಯರ್ಥಿಯ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿದವರು ಆ ಮಾತು ಆಡಲಾರರು. ಫಿಸಿಯಾಲಜಿ (ದೇಹದ ಅಂಗಗಳು ಕೆಲಸ ಮಾಡುವ ಬಗೆ) ಪುಸ್ತಕದಲ್ಲಿ ಬಣ್ಣ ಹತ್ತದ ಸಾಲು ಹುಡುಕಿದರೂ ಸಿಗುತ್ತಿರಲಿಲ್ಲ. ಮುಖ್ಯವಾದದ್ದಕ್ಕೆ ಹಳದಿ, ಔಷಧಗಳಿಗೆ ಗುಲಾಬಿ, ಮತ್ತೊಮ್ಮೆ ನೋಡಬೇಕೆಂದುಕೊಂಡದ್ದಕ್ಕೆ ಹಸಿರು. ಹೈಲೈಟ್ ಮಾಡಿದ ಸಾಲುಗಳನ್ನೆಲ್ಲ ಮತ್ತೆ ದುಂಡಗಿನ ಅಕ್ಷರದಲ್ಲಿ ನೋಟ್ಸ್ ಪುಸ್ತಕಕ್ಕೆ ಇಳಿಸಿದ್ದಳು. ಮೊದಲ ಪುಟದಿಂದ ಶುರು ಮಾಡಿ ಕೊನೆಯ ಪುಟದವರೆಗೆ ಓದುವುದು ಆಕೆಯ ಕ್ರಮ. ಒಂದು ಅಧ್ಯಾಯ ಪೂರ್ತಿ ಅರ್ಥವಾಗದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಕಾಲೇಜಿನಲ್ಲಿ ಈ ಕ್ರಮ ಆಕೆಯ ಕೈ ಹಿಡಿದಿತ್ತು. ಅಲ್ಲಿ ವರ್ಷಕ್ಕೆ ಕೆಲವೇ ಸಬ್ಜೆಕ್ಟ್, ಪ್ರತಿಯೊಂದಕ್ಕೂ ಬೇರೆ ಪರೀಕ್ಷೆ, ಮುಗಿದ ಮೇಲೆ ಮರೆತರೂ ಕೇಳುವವರಿಲ್ಲ.

ಪರವಾನಗಿ ಪರೀಕ್ಷೆಯಲ್ಲಿ ಅನಾಟಮಿಯಿಂದ ಹಿಡಿದು ಮನೋವೈದ್ಯಶಾಸ್ತ್ರದವರೆಗೆ ಎಲ್ಲವೂ ಒಟ್ಟಿಗೆ ಎದುರಿಗೆ ಬರುತ್ತವೆ. ರೋಗಿಯ ವಯಸ್ಸು, ತೊಂದರೆ, ರಕ್ತದ ವರದಿ ಕೊಟ್ಟು ‘ಕಾರಣ ಯಾವುದು’, ‘ಮುಂದೇನು ಮಾಡಬೇಕು’ ಎಂದು ಕೇಳುತ್ತಾರೆ. ಒಂದು ಪ್ರಶ್ನೆಗೆ ಸಿಗುವ ಹೊತ್ತು ಒಂದು ನಿಮಿಷವೋ, ಅದಕ್ಕಿಂತ ತುಸು ಹೆಚ್ಚೋ. ಮೊದಲ ಸಲ ಪರೀಕ್ಷೆ ಹತ್ತಿರ ಬಂದಾಗ ಆಕೆ ಪೆಥಾಲಜಿಯ (ರೋಗಗಳು ಉಂಟಾಗುವ ಬಗೆಯ ಶಾಸ್ತ್ರ) ಅರ್ಧದಲ್ಲಿದ್ದಳು. ಅಷ್ಟರಲ್ಲಿ ಫಿಸಿಯಾಲಜಿ ಮಸುಕಾಗಿತ್ತು. ಗಾಬರಿಯಾಗಿ ಅದಕ್ಕೇ ವಾಪಸ್ ಹೋದಳು. ಮೆಡಿಸಿನ್‌ನಲ್ಲಿ ಮುಕ್ಕಾಲು ಪಾಲು, ಮಕ್ಕಳ ವೈದ್ಯಶಾಸ್ತ್ರ, ಸಮುದಾಯ ವೈದ್ಯಶಾಸ್ತ್ರ ಇವೆಲ್ಲ ಮುಟ್ಟದೆ ಉಳಿದವು.

ತೊಡಕು ಎಲ್ಲಿತ್ತು

ಮೊದಲ ಭೇಟಿಯಲ್ಲೇ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆವು. ದಟ್ಟವಾಗಿ ಬರೆದ ಒಂದು ಪುಟ ತಿಳಿದು ಓದಲು ಐದು ನಿಮಿಷ ಬೇಕು. ದೊಡ್ಡ ಮೆಡಿಸಿನ್ ಗ್ರಂಥ ಮೂರು ಸಾವಿರ ಪುಟ ದಾಟುತ್ತದೆ. ಅಂದರೆ 15,000 ನಿಮಿಷ, 250 ಗಂಟೆ. ದಿನಕ್ಕೆ ನಾಲ್ಕು ಗಂಟೆ ಚುರುಕಾಗಿ ಓದಿದರೂ ಎರಡು ತಿಂಗಳು. ಇದು ಒಂದೇ ಪುಸ್ತಕದ, ಒಂದೇ ಸಲದ ಓದು. ರಿವಿಷನ್ ಇದರಲ್ಲಿ ಸೇರಿಲ್ಲ, ಉಳಿದ ಸಬ್ಜೆಕ್ಟ್‌ಗಳೂ ಸೇರಿಲ್ಲ. ಲೆಕ್ಕ ನೋಡಿ ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಸರ್, ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇದೆ. ಓದುವಾಗ ಎಲ್ಲಾ ಅರ್ಥವಾಗುತ್ತೆ. ಪುಸ್ತಕ ಮುಚ್ಚಿದರೆ ಕೈಗೆ ಏನೂ ಸಿಗಲ್ಲ.”

ನಿನಗೆ ಚೆನ್ನಾಗಿ ಗೊತ್ತಿರುವ ಅಧ್ಯಾಯ ಯಾವುದು ಎಂದು ಕೇಳಿದೆ. ಮೂತ್ರಪಿಂಡದ ನಳಿಕೆಗಳು ಎಂದಳು. ಪುಸ್ತಕ ಮುಚ್ಚಿಸಿ ಬಿಳಿ ಹಾಳೆ ಕೊಟ್ಟೆ. ನೆಫ್ರಾನ್ (ಮೂತ್ರಪಿಂಡದ ಸೋಸುವ ಘಟಕ) ಚಿತ್ರ ಅಚ್ಚುಕಟ್ಟಾಗಿ ಮೂಡಿತು, ಭಾಗಗಳ ಹೆಸರುಗಳೂ ಸರಿಯಾಗಿದ್ದವು. ಆಮೇಲೆ ಪೆನ್ನು ನಿಂತಿತು. ಲೂಪ್ ಡಯುರೆಟಿಕ್ (ಮೂತ್ರ ಹೆಚ್ಚಿಸುವ ಒಂದು ಬಗೆಯ ಔಷಧ) ಕೊಟ್ಟರೆ ಮೂತ್ರದಲ್ಲಿ ಕ್ಯಾಲ್ಸಿಯಂ ಏನಾಗುತ್ತದೆ ಎಂದು ಕೇಳಿದೆ. “ಕಡಿಮೆ ಆಗುತ್ತೆ… ಅಲ್ಲ, ಕಡಿಮೆ ಆಗೋದು ಥಯಾಜೈಡ್‌ನಲ್ಲಾ ಸರ್?” ಥಯಾಜೈಡ್ ಕೂಡ ಮೂತ್ರ ಹೆಚ್ಚಿಸುವ ಇನ್ನೊಂದು ಬಗೆಯ ಔಷಧ. ಪುಸ್ತಕ ತೆರೆದು ನೋಡಿದರೆ ಉತ್ತರದ ಸಾಲಿಗೆ ಹಳದಿ ಬಣ್ಣ ಬಿದ್ದಿತ್ತು, ಪಕ್ಕದಲ್ಲಿ ನಕ್ಷತ್ರದ ಗುರುತೂ ಇತ್ತು.

ಈ ಅನುಭವ ಆಕೆಯೊಬ್ಬಳದೇ ಅಲ್ಲ. 2006ರಲ್ಲಿ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಒಂದು ಗದ್ಯಭಾಗವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿದ ಮೇಲೆ ನೋಡದೆ ನೆನಪಿಸಿ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರದೇ ಮೇಲುಗೈ. ವಾರ ಕಳೆದು ಕೇಳಿದಾಗ ನೆನಪಿಸಿ ಬರೆದವರು ಸಾಕಷ್ಟು ಮುಂದಿದ್ದರು. ಆದರೂ ‘ನನಗೆ ನೆನಪಿರುತ್ತದೆ’ ಎಂಬ ನಂಬಿಕೆ ಹೆಚ್ಚಾಗಿದ್ದದ್ದು ಮತ್ತೆ ಮತ್ತೆ ಓದಿದವರಲ್ಲೇ. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳನ್ನು ಪರಿಶೀಲಿಸಿ, ಹೈಲೈಟ್ ಮಾಡುವುದನ್ನೂ ಸುಮ್ಮನೆ ಮರುಓದುವುದನ್ನೂ ಕಡಿಮೆ ಫಲ ಕೊಡುವವುಗಳ ಸಾಲಿನಲ್ಲಿಟ್ಟರು. ತನ್ನನ್ನೇ ಪರೀಕ್ಷಿಸಿಕೊಳ್ಳುವುದು ಮತ್ತು ದಿನಗಳ ಅಂತರ ಬಿಟ್ಟು ಓದುವುದು, ಇವೆರಡೇ ಮೇಲಿನ ಸಾಲಿನಲ್ಲಿದ್ದವು. ಪುಟ ಪರಿಚಿತವಾಗಿ ಕಂಡರೆ ಅದು ತಲೆಯಲ್ಲಿ ಉಳಿದಿದೆ ಎಂದು ನಂಬುವುದು ಮನುಷ್ಯ ಸಹಜ. ಅಭ್ಯರ್ಥಿ ತನ್ನ ಜ್ಞಾಪಕಶಕ್ತಿಯೇ ಕೆಟ್ಟದ್ದು ಎಂದು ನಂಬಿಕೊಂಡಿದ್ದಳು. ಆ ನಂಬಿಕೆಯನ್ನು ಕಳಚುವುದಕ್ಕೆ ಈ ವಿವರಗಳು ಬೇಕಾದವು.

ಮೊದಲ ನಿರ್ಧಾರ: ಪುಸ್ತಕ ಬದಿಗಿಟ್ಟದ್ದು

ಲೆಕ್ಕ ಕಂಡ ಮೇಲೆ ಆಕೆ ಪಠ್ಯಪುಸ್ತಕಗಳನ್ನೆಲ್ಲ ಬದಿಗಿಟ್ಟು ಸಂಕ್ಷಿಪ್ತ ನೋಟ್ಸ್ ಮತ್ತು ಪ್ರಶ್ನೆ ಬ್ಯಾಂಕ್ ಹಿಡಿದಳು. ಸುತ್ತಮುತ್ತ ಪಾಸಾದವರೆಲ್ಲ ಅದನ್ನೇ ಹೇಳುತ್ತಿದ್ದರು. ಫಲವೂ ಬೇಗ ಕಂಡಿತು. ಮುಟ್ಟದೇ ಬಿಟ್ಟಿದ್ದ ಸಬ್ಜೆಕ್ಟ್‌ಗಳಲ್ಲಿ ಒಂದಿಷ್ಟು ನೆಲೆ ಸಿಕ್ಕಿತು, ಮಾಕ್ ಟೆಸ್ಟ್‌ಗಳಲ್ಲಿ ಅಂಕ ಏರಿತು. ಕೆಲವು ವಾರಗಳ ನಂತರ ಆ ಏರಿಕೆ ನಿಂತುಬಿಟ್ಟಿತು. ದಿನಕ್ಕೆ ಎಷ್ಟು ಪ್ರಶ್ನೆ ಹೆಚ್ಚಿಸಿದರೂ ಅಂಕ ಕದಲಲಿಲ್ಲ.

ಎಲ್ಲಿ ನಿಂತಿತು ಎಂಬುದು ಒಂದು ಪ್ರಶ್ನೆಯಿಂದ ಬಯಲಾಯಿತು. ಹಲವು ದಿನ ವಾಂತಿ ಮಾಡಿಕೊಂಡ ರೋಗಿ. ರಕ್ತದಲ್ಲಿ ಬೈಕಾರ್ಬೊನೇಟ್ (ಕ್ಷಾರದ ಅಂಶ) ಹೆಚ್ಚು, ಕ್ಲೋರೈಡ್ ಕಡಿಮೆ, ಪೊಟ್ಯಾಸಿಯಂ ಕಡಿಮೆ. ಪೊಟ್ಯಾಸಿಯಂ ಮುಖ್ಯವಾಗಿ ಹೋದದ್ದು ಎಲ್ಲಿಂದ? ಆಕೆಯ ನೋಟ್ಸ್‌ನಲ್ಲಿ ‘ವಾಂತಿ: ಪೊಟ್ಯಾಸಿಯಂ ಕಡಿಮೆ, ಮೆಟಬಾಲಿಕ್ ಆಲ್ಕಲೋಸಿಸ್’ (ರಕ್ತದಲ್ಲಿ ಕ್ಷಾರ ಹೆಚ್ಚುವುದು) ಎಂಬ ಒಂದು ಸಾಲಿತ್ತು, ಅದು ಬಾಯಿಪಾಠವೂ ಆಗಿತ್ತು. ವಾಂತಿಯಲ್ಲೇ ಹೋಯಿತು ಎಂದು ಗುರುತು ಹಾಕಿದಳು. ಜಠರದ ರಸದಲ್ಲಿ ಪೊಟ್ಯಾಸಿಯಂ ಇರುವುದು ಸ್ವಲ್ಪವೇ. ಹೆಚ್ಚಿನ ಪಾಲು ಹೋಗುವುದು ಮೂತ್ರದಲ್ಲಿ. ದೇಹದ ದ್ರವ ಕುಗ್ಗಿದಾಗ ಸೋಡಿಯಂ ಉಳಿಸಿಕೊಳ್ಳುವ ಹಾರ್ಮೋನ್ ಆಲ್ಡೊಸ್ಟೆರಾನ್ ಏರುತ್ತದೆ, ಹೆಚ್ಚಾದ ಬೈಕಾರ್ಬೊನೇಟ್ ನಳಿಕೆಯ ಕೊನೆಯ ಭಾಗಕ್ಕೆ ಹರಿಯುತ್ತದೆ, ಎರಡೂ ಸೇರಿ ಪೊಟ್ಯಾಸಿಯಂ ಅನ್ನು ಹೊರಗೆಳೆಯುತ್ತವೆ. ಇದು ಪಠ್ಯಪುಸ್ತಕದಲ್ಲಿ ಒಂದು ಪ್ಯಾರಾ. ಸಂಕ್ಷಿಪ್ತ ನೋಟ್ಸ್ ಆ ಪ್ಯಾರಾವನ್ನೇ ಕತ್ತರಿಸಿ ಹಾಕಿತ್ತು. ತಪ್ಪಿದ ಪ್ರಶ್ನೆಗಳನ್ನು ಒಟ್ಟಿಗಿಟ್ಟು ನೋಡಿದಾಗ ‘ಏನು’ ಎಂದು ಕೇಳಿದವು ಬಹುಪಾಲು ಸರಿಯಾಗಿದ್ದವು, ‘ಏಕೆ’ ಎಂದು ತಿರುವು ಕೊಟ್ಟವು ಸಾಲುಸಾಲಾಗಿ ತಪ್ಪಿದ್ದವು.

ಸಂಕ್ಷಿಪ್ತ ನೋಟ್ಸ್ ಬರೆದವರನ್ನು ಇಲ್ಲಿ ದೂರುವುದಿಲ್ಲ. ಒಮ್ಮೆ ಚೆನ್ನಾಗಿ ಅರ್ಥ ಮಾಡಿಕೊಂಡವರಿಗೆ ನೆನಪು ಮಾಡಿಕೊಡಲು ಅವು ಇರುವುದು. ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

ಎರಡನೆಯ ನಿರ್ಧಾರ: ಪ್ರಶ್ನೆ ಹಿಡಿದುಕೊಂಡು ಪುಸ್ತಕಕ್ಕೆ

ಪಠ್ಯಪುಸ್ತಕ ವಾಪಸ್ ಮೇಜಿನ ಮೇಲೆ ಬಂತು. ಓದುವ ಕ್ರಮ ಮಾತ್ರ ತಿರುಗಿತು. ಮೊದಲು ಒಂದು ವಿಷಯದ ಮೇಲೆ ಇಪ್ಪತ್ತು ಪ್ರಶ್ನೆ, ಏನೂ ಓದದೆ. ತಪ್ಪಾದವಕ್ಕೆ ಒಂದು ಗುರುತು, ಊಹಿಸಿ ಸರಿಯಾದವಕ್ಕೆ ಇನ್ನೊಂದು. ಊಹಿಸಿ ಸರಿಯಾದವನ್ನು ಗೆದ್ದಂತೆ ಎಣಿಸುವುದು ಅನೇಕರ ರೂಢಿ. ಪರೀಕ್ಷೆಯಲ್ಲಿ ಅಂಕ ಕೈಕೊಡುವುದು ಹೆಚ್ಚಾಗಿ ಅಲ್ಲೇ. ಆಮೇಲೆ ಆ ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟುಕೊಂಡು ಪುಸ್ತಕದ ಆ ಭಾಗವನ್ನಷ್ಟೇ ಓದುವುದು. ಓದಿ ಪುಸ್ತಕ ಮುಚ್ಚಿ ಬಿಳಿ ಹಾಳೆಯ ಮೇಲೆ ಬರೆಯುವುದು. ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬುವುದು. ಮರುದಿನ ಬೆಳಿಗ್ಗೆ ಮೊದಲ ಕೆಲಸವಾಗಿ ಆ ಕೆಂಪು ಭಾಗವನ್ನು ಮಾತ್ರ ನೋಡದೆ ಬರೆಯುವುದು.

ಹೈಲೈಟರ್‌ಗಳನ್ನು ಬಿಡುವುದಕ್ಕೆ ಆಕೆ ಸುಲಭವಾಗಿ ಒಪ್ಪಲಿಲ್ಲ. ಬಣ್ಣ ಹಚ್ಚದೆ ಓದಿದರೆ ಓದಿದಂತೆಯೇ ಅನಿಸುವುದಿಲ್ಲ ಎಂದಳು. ಕೊನೆಗೆ ಒಂದು ರಾಜಿ ಆಯಿತು: ಮುಚ್ಚಿ ಬರೆದ ಮೇಲೆ ಬಿಟ್ಟುಹೋದ ಸಾಲಿಗೆ ಮಾತ್ರ ಬಣ್ಣ. ಇದರಿಂದ ಪುಟದಲ್ಲಿ ಎರಡು-ಮೂರು ಸಾಲು ಮಾತ್ರ ಎದ್ದು ಕಂಡವು. ಅವು ಆಕೆಗೆ ನಿಜಕ್ಕೂ ಬಾರದ ಸಾಲುಗಳು.

ಮತ್ತೆ ಆ ನಳಿಕೆಯ ಪುಟಕ್ಕೆ ಬರೋಣ. ಈ ಸಲ ಆಕೆ ಪುಸ್ತಕ ತೆರೆದದ್ದು ಕೈಯಲ್ಲಿ ಒಂದು ಪ್ರಶ್ನೆ ಹಿಡಿದು: ಲೂಪ್ ಡಯುರೆಟಿಕ್, ಥಯಾಜೈಡ್ ಎರಡೂ ಸೋಡಿಯಂ ಹೊರಹಾಕುವ ಔಷಧಗಳೇ, ಕ್ಯಾಲ್ಸಿಯಂ ವಿಷಯದಲ್ಲಿ ಮಾತ್ರ ಒಂದಕ್ಕೊಂದು ಏಕೆ ವಿರುದ್ಧ? ಮೊದಲು ಚಿತ್ರ, ಚಿತ್ರದ ಕೆಳಗಿನ ಬರಹ, ಆಮೇಲೆ ಪ್ಯಾರಾ. ಅಪರೂಪದ ಕಾಯಿಲೆಗಳ ಹೆಸರು, ಆವರಣದೊಳಗಿನ ವಿನಾಯಿತಿ ಇವನ್ನೆಲ್ಲ ಮೊದಲ ಓದಿನಲ್ಲಿ ಹಾರಿಸಿದಳು. ಪ್ಯಾರಾದ ಬೆನ್ನೆಲುಬು ಹೊರಗೆ ಬಂತು. ಹೆನ್ಲೆ ಕುಣಿಕೆಯ, ಅಂದರೆ ನಳಿಕೆಯ ಬಾಗಿದ ಭಾಗದ, ದಪ್ಪ ಏರುಭಾಗದಲ್ಲಿ ಒಂದು ಸಾಗಕ ಪ್ರೋಟೀನ್ ಸೋಡಿಯಂ, ಪೊಟ್ಯಾಸಿಯಂ ಮತ್ತು ಎರಡು ಕ್ಲೋರೈಡ್‌ಗಳನ್ನು ಒಟ್ಟಿಗೆ ಒಳಗೆಳೆಯುತ್ತದೆ. ಒಳಬಂದ ಪೊಟ್ಯಾಸಿಯಂ ಒಂದಿಷ್ಟು ಮತ್ತೆ ನಳಿಕೆಗೇ ಸೋರುತ್ತದೆ. ಅದರಿಂದ ನಳಿಕೆಯ ಒಳಭಾಗ ಧನಾತ್ಮಕವಾಗುತ್ತದೆ. ಆ ಧನ ವಿದ್ಯುತ್ತೇ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಜೀವಕೋಶಗಳ ಸಂದಿಯಿಂದ ರಕ್ತದ ಕಡೆಗೆ ತಳ್ಳುತ್ತದೆ. ಲೂಪ್ ಡಯುರೆಟಿಕ್ ಸಾಗಕವನ್ನು ತಡೆದರೆ ವಿದ್ಯುತ್ತೂ ಹೋಯಿತು, ಕ್ಯಾಲ್ಸಿಯಂ ಮೂತ್ರದ ಪಾಲಾಯಿತು.

ಥಯಾಜೈಡ್ ಕೆಲಸ ಮಾಡುವುದು ಅದರ ಮುಂದಿನ ಭಾಗದಲ್ಲಿ. ಅಲ್ಲಿ ಸೋಡಿಯಂ ಒಳಬರುವುದು ನಿಂತರೆ ಜೀವಕೋಶದೊಳಗೆ ಸೋಡಿಯಂ ಕಡಿಮೆಯಾಗುತ್ತದೆ. ರಕ್ತದ ಬದಿಯಲ್ಲಿ ಸೋಡಿಯಂ ಒಳಗೆ ಬಿಟ್ಟು ಕ್ಯಾಲ್ಸಿಯಂ ಹೊರಗೆ ಕಳಿಸುವ ವಿನಿಮಯ ಚುರುಕಾಗುತ್ತದೆ. ನಳಿಕೆಯಿಂದ ಇನ್ನಷ್ಟು ಕ್ಯಾಲ್ಸಿಯಂ ರಕ್ತಕ್ಕೆ ಮರಳುತ್ತದೆ. ದೇಹದ ದ್ರವ ಕುಗ್ಗಿದಾಗ ನಳಿಕೆಯ ಮೊದಲ ಭಾಗವೂ ಕ್ಯಾಲ್ಸಿಯಂ ಹೆಚ್ಚು ಹೀರುತ್ತದೆ.

ಇದನ್ನು ಮುಚ್ಚಿ ಬರೆದಾಗ ಧನ ವಿದ್ಯುತ್ತಿನ ಮಾತು ಬಿಟ್ಟುಹೋಗಿತ್ತು. ಕೆಂಪು ಶಾಯಿ ಬಿತ್ತು. ಆಮೇಲೆ ಆಕೆಗೆ ಒಂದು ಕೆಲಸ ಕೊಟ್ಟೆ: ಇದನ್ನು ವೈದ್ಯಕೀಯ ಓದದ ಒಬ್ಬರಿಗೆ ಹೇಳುವಂತೆ ಮನೆಮಾತಿನಲ್ಲಿ, ಗಟ್ಟಿಯಾಗಿ ಹೇಳಬೇಕು. ಮೊದಲ ಸಲ ಎಲ್ಲಿ ತಡವರಿಸಿದಳೋ ಅಲ್ಲೇ ಅರ್ಥ ಕೈಬಿಟ್ಟಿತ್ತು ಎಂಬುದು ಆಕೆಗೇ ಗೊತ್ತಾಯಿತು. ಪಠ್ಯದ ಇಂಗ್ಲಿಷ್ ವಾಕ್ಯ ಬಾಯಿಗೆ ಬಂದರೆ ಅರ್ಥವಾಗಿದೆ ಎಂದು ಮೋಸ ಹೋಗಬಹುದು. ಮನೆಮಾತಿನಲ್ಲಿ ಹೇಳುವಾಗ ಅರ್ಥವಾಗದೆ ಬಾಯಿ ಹೊರಡುವುದಿಲ್ಲ. ಇಡೀ ಪ್ರಯತ್ನದಲ್ಲಿ ನನಗೆ ಬಹಳ ಬೆಲೆಯದೆನಿಸಿದ ಅಭ್ಯಾಸ ಇದೇ.

ಆ ಒಂದು ಪುಟದಿಂದ ಎಷ್ಟು ಪ್ರಶ್ನೆಗಳಿಗೆ ದಾರಿಯಾಯಿತು ನೋಡಿ. ಮತ್ತೆ ಮತ್ತೆ ಕ್ಯಾಲ್ಸಿಯಂ ಕಲ್ಲಾಗುವ ರೋಗಿಗೆ ಥಯಾಜೈಡ್ ಏಕೆ, ಲೂಪ್ ಡಯುರೆಟಿಕ್ ತೆಗೆದುಕೊಳ್ಳುವವರಲ್ಲಿ ಮೆಗ್ನೀಸಿಯಂ ಏಕೆ ಇಳಿಯುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಮೊದಲೇ ಹೆಚ್ಚಿರುವವರಿಗೆ ಥಯಾಜೈಡ್ ಏಕೆ ಕೊಡಬಾರದು. ಇವನ್ನು ಆಕೆ ಬೇರೆ ಬೇರೆ ಸಾಲುಗಳಾಗಿ ಬಾಯಿಪಾಠ ಮಾಡಿ, ಒಂದಕ್ಕೊಂದು ಅದಲುಬದಲು ಮಾಡಿಕೊಳ್ಳುತ್ತಿದ್ದಳು. ಈಗ ಬಾಯಿಪಾಠದ ಅಗತ್ಯವೇ ಬೀಳಲಿಲ್ಲ.

ಏನನ್ನು ಪೂರ್ತಿ ಓದಬೇಕು ಎಂಬ ಜಗ್ಗಾಟ

ಹೀಗೆ ಓದಿದರೆ ಒಂದು ಪುಟಕ್ಕೆ ಐದು ನಿಮಿಷ ಸಾಲುವುದಿಲ್ಲ, ಅರ್ಧ ಗಂಟೆಯೂ ಹಿಡಿಯಬಹುದು. ಹಾಗಾಗಿ ಆಯ್ಕೆ ಮಾಡಲೇಬೇಕಿತ್ತು. ಪ್ರತಿ ಪುಸ್ತಕದ ಪರಿವಿಡಿ ತೆಗೆದು ಅಧ್ಯಾಯಗಳಿಗೆ ಗುರುತು ಹಾಕಲು ಕುಳಿತೆವು. ಆಕೆ ಹಾಕಿದ ಮೊದಲ ಪಟ್ಟಿಯಲ್ಲಿ ಬಹುತೇಕ ಎಲ್ಲಕ್ಕೂ ‘ಪೂರ್ತಿ’ ಎಂದಿತ್ತು. ಏನನ್ನಾದರೂ ಬಿಟ್ಟರೆ ಅದೇ ಬರುತ್ತದೆ ಎಂಬ ಭಯ ಫೇಲಾದವರಲ್ಲಿ ಗಟ್ಟಿಯಾಗಿರುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಒಂದೇ ಅಳತೆಗೋಲು ಇಟ್ಟುಕೊಂಡೆವು. ಅಧ್ಯಾಯ ‘ಹೇಗೆ, ಏಕೆ’ ಎಂದು ವಿವರಿಸುತ್ತದೋ, ‘ಯಾವ ಯಾವುದು’ ಎಂದು ಪಟ್ಟಿ ಕೊಡುತ್ತದೋ? ಮೂತ್ರಪಿಂಡ, ಹೃದಯ ಮತ್ತು ಉಸಿರಾಟದ ಫಿಸಿಯಾಲಜಿ, ಆಮ್ಲ-ಕ್ಷಾರ ಸಮತೋಲ, ಉರಿಯೂತ, ಗಡ್ಡೆಗಳ ಸಾಮಾನ್ಯ ಪೆಥಾಲಜಿ, ರೋಗನಿರೋಧಕ ವ್ಯವಸ್ಥೆಯ ಮೂಲಪಾಠ, ಹಾರ್ಮೋನುಗಳ ಹತೋಟಿ ಇವು ಪೂರ್ತಿ ಓದುವ ಗುಂಪಿಗೆ ಬಂದವು. ಬ್ಯಾಕ್ಟೀರಿಯಾಗಳ ವಿಂಗಡಣೆ, ಔಷಧಗಳ ಅಡ್ಡಪರಿಣಾಮ, ವಂಶವಾಹಿ ಸಿಂಡ್ರೋಮ್‌ಗಳು, ಲಸಿಕೆಗಳ ವೇಳಾಪಟ್ಟಿ ಇವಕ್ಕೆ ಕೋಷ್ಟಕ ಮತ್ತು ಕಾರ್ಡ್ (ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ) ಸಾಕು ಎಂದಾಯಿತು. ನಡುವೆ ಉಳಿದ ದೊಡ್ಡ ಗುಂಪು, ಅಂದರೆ ಕ್ಲಿನಿಕಲ್ ಸಬ್ಜೆಕ್ಟ್‌ಗಳ ಬಹುಭಾಗ, ಪ್ರಶ್ನೆ ತಪ್ಪಿದಾಗ ಮಾತ್ರ ತೆರೆದು ನೋಡುವಂಥದ್ದು.

ಕಾರ್ಡ್‌ಗಳೂ ಒಮ್ಮೆ ಕೈಮೀರಿದವು. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಡಬ್ಬಿಗಳ ಕ್ರಮದಲ್ಲಿ, ಗೊತ್ತಿರುವ ಕಾರ್ಡ್ ಮುಂದಿನ ಡಬ್ಬಿಗೆ ಹೋಗಿ ತಡವಾಗಿ ಬರುತ್ತದೆ, ತಪ್ಪಿದ್ದು ಮೊದಲ ಡಬ್ಬಿಗೆ ಮರಳುತ್ತದೆ. ಮೊಬೈಲ್ ಆ್ಯಪ್‌ಗಳೂ ಇಂಥದೇ ತತ್ವದ ಮೇಲೆ ನಡೆಯುತ್ತವೆ. ಅಭ್ಯರ್ಥಿ ಹೈಲೈಟರ್ ಬಿಟ್ಟ ಕೈಯಲ್ಲಿ ಕಾರ್ಡ್ ಮಾಡಲು ಶುರು ಮಾಡಿದಳು, ಪುಟದ ಪ್ರತಿ ವಾಕ್ಯಕ್ಕೊಂದು. ಕೆಲವೇ ವಾರಗಳಲ್ಲಿ ದಿನದ ಬಾಕಿ ಕಾರ್ಡ್ ತೀರಿಸುವುದರಲ್ಲೇ ಅರ್ಧ ದಿನ ಹೋಯಿತು. ರಾಶಿಯ ಬಹುಪಾಲನ್ನು ಅಳಿಸುವುದು ಕಷ್ಟದ ನಿರ್ಧಾರವಾಗಿತ್ತು. ಆಕೆಗೆ ಅದು ಮಾಡಿದ ಕೆಲಸವನ್ನೇ ಎಸೆದಂತೆ ಅನಿಸಿತು. ಅಳಿಸಿದ ಮೇಲೆ ಒಂದೇ ನಿಯಮ: ತಪ್ಪಿದ ಪ್ರಶ್ನೆಯಿಂದ ಮಾತ್ರ ಕಾರ್ಡ್ ಹುಟ್ಟಬೇಕು, ಒಂದು ಕಾರ್ಡ್‌ನಲ್ಲಿ ಒಂದೇ ಸಂಗತಿ ಇರಬೇಕು.

ತಪ್ಪುಗಳ ಪುಸ್ತಕ

ತಪ್ಪಿದ ಪ್ರಶ್ನೆಗಳಿಗೆ ಒಂದು ಪುಸ್ತಕ ಇಟ್ಟೆವು. ಪ್ರಶ್ನೆಯ ಎದುರು ತಪ್ಪಿನ ಬಗೆಯನ್ನಷ್ಟೇ ಬರೆಯುವುದು: ಗೊತ್ತೇ ಇರಲಿಲ್ಲ, ಗೊತ್ತಿತ್ತು ನೆನಪಾಗಲಿಲ್ಲ, ನೆನಪಾಯಿತು ಹೊಂದಿಸಲಾಗಲಿಲ್ಲ, ಪ್ರಶ್ನೆಯನ್ನೇ ತಪ್ಪಾಗಿ ಓದಿದೆ. ಕೊನೆಯ ಬಗೆ ಇಬ್ಬರಿಗೂ ಅಚ್ಚರಿ ತರುವಷ್ಟಿತ್ತು. ಉದಾಹರಣೆಗೆ, ಸಿಡಿಲು ಬಡಿದಂತೆ ತಟ್ಟನೆ ಬಂದ ತೀವ್ರ ತಲೆನೋವಿನ ರೋಗಿ. ಮೊದಲು ಮಾಡಬೇಕಾದ ಪರೀಕ್ಷೆ ಯಾವುದು ಎಂದು ಕೇಳಿದರೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಕೊಡುವ ಔಷಧ) ಇಲ್ಲದ ಸಿಟಿ ಸ್ಕ್ಯಾನ್. ಅದರಲ್ಲಿ ಏನೂ ಕಾಣದೆ ಸಂಶಯ ಉಳಿದರೆ ಬೆನ್ನುಹುರಿ ದ್ರವದ ಪರೀಕ್ಷೆ. ಒಡೆದ ರಕ್ತನಾಳದ ಉಬ್ಬು ಎಲ್ಲಿದೆ ಎಂದು ತೋರಿಸುವುದು ಆಂಜಿಯೋಗ್ರಫಿ, ಅಂದರೆ ರಕ್ತನಾಳಗಳ ಚಿತ್ರಣ. ಆಕೆಗೆ ಮೂರೂ ಗೊತ್ತಿತ್ತು. ‘ಮೊದಲು’ ಎಂಬ ಪದದ ಮೇಲೆ ಕಣ್ಣು ನಿಲ್ಲದೆ ಆಂಜಿಯೋಗ್ರಫಿ ಗುರುತು ಹಾಕಿದ್ದಳು.

ಎಷ್ಟು ಪಠ್ಯಪುಸ್ತಕ ಓದಿದರೂ ಇಂಥ ತಪ್ಪು ಸರಿಹೋಗುವುದಿಲ್ಲ. ಆದರೆ ಪ್ರತಿ ತಪ್ಪಿಗೂ ‘ಇನ್ನೂ ಓದಬೇಕು’ ಎಂಬ ಒಂದೇ ಮದ್ದು ಆಕೆಗೆ ಗೊತ್ತಿದ್ದದ್ದು. ಪ್ರಶ್ನೆಯ ಕೊನೆಯ ಸಾಲನ್ನು ಮೊದಲು ಓದಿ, ಆಮೇಲೆ ರೋಗಿಯ ವಿವರಕ್ಕೆ ಬರುವ ಅಭ್ಯಾಸ ಮಾಡಿಸಿದೆ. ಈ ಬಗೆಯ ತಪ್ಪು ಬಹಳ ಮಟ್ಟಿಗೆ ಇಳಿಯಿತು.

ಪರೀಕ್ಷೆಗೆ ಇನ್ನೇನು ಕೆಲವು ವಾರ ಇರುವಾಗ ಪ್ರಶ್ನೆಗಳನ್ನು ಸಬ್ಜೆಕ್ಟ್‌ವಾರು ಮಾಡುವುದನ್ನು ನಿಲ್ಲಿಸಿ, ಎಲ್ಲವನ್ನೂ ಕಲಸಿ, ಗಡಿಯಾರ ಇಟ್ಟು ಮಾಡಿಸಿದೆವು. ಮೊದಲ ಕೆಲವು ದಿನ ಅಂಕ ಬಿದ್ದಿತು. ಮೂತ್ರಪಿಂಡದ ಪ್ರಶ್ನೆ ಎಂದು ಮೊದಲೇ ಗೊತ್ತಿರುವಾಗ ಅರ್ಧ ಉತ್ತರ ಅಲ್ಲೇ ಸಿಕ್ಕಿರುತ್ತದೆ. ಆ ಆಸರೆ ಹೋದದ್ದರಿಂದ ಬಿದ್ದ ಅಂಕ ಅದು. ಆಕೆ ಕಂಗಾಲಾಗಿ ಮತ್ತೆ ಪುಸ್ತಕದ ಮೊದಲ ಅಧ್ಯಾಯಕ್ಕೆ ಹೋಗಬೇಕೆಂದಳು. ಹೊಸ ಅಧ್ಯಾಯ ತೆರೆಯುವುದಿಲ್ಲ, ತಪ್ಪುಗಳ ಪುಸ್ತಕ ಮತ್ತು ಕೆಂಪು ಶಾಯಿಯ ಹಾಳೆಗಳು ಮಾತ್ರ ಎಂದು ಮೊದಲೇ ಮಾತಾಗಿತ್ತು. ಆ ಮಾತಿಗೆ ನಿಂತಳು. ಅಂಕ ಮೆಲ್ಲನೆ ಮೇಲಕ್ಕೆ ಬಂತು.

ಏನಾಯಿತು, ಏನು ಉಳಿಯಿತು

ಅಭ್ಯರ್ಥಿ ಎರಡನೆಯ ಸಲ ಪಾಸಾದಳು. ದೊಡ್ಡ ಮೆಡಿಸಿನ್ ಗ್ರಂಥದಲ್ಲಿ ಆಕೆ ಪೂರ್ತಿ ಓದಿದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ. ಓದಿದ ಭಾಗವನ್ನು ಮಾತ್ರ ಎಲ್ಲಿಂದ ಕೇಳಿದರೂ ಹೇಳಬಲ್ಲವಳಾಗಿದ್ದಳು. ಅನಾಟಮಿ ಕೊನೆಯವರೆಗೂ ದುರ್ಬಲವಾಗಿಯೇ ಉಳಿಯಿತು. ಮುಚ್ಚಿ ಬರೆಯುವ ಕ್ರಮ ನರ-ರಕ್ತನಾಳಗಳ ದಾರಿಗಳಿಗೆ ಅಷ್ಟಾಗಿ ಒಗ್ಗಲಿಲ್ಲ. ಹೆಸರಿಲ್ಲದ ಚಿತ್ರ ಇಟ್ಟುಕೊಂಡು ಹೆಸರು ತುಂಬುವುದು, ಮತ್ತೆ ಮತ್ತೆ ತಾನೇ ಬಿಡಿಸುವುದು ಅಲ್ಲಿ ಹೆಚ್ಚು ಕೆಲಸ ಮಾಡಿತು. ಅದನ್ನು ಶುರು ಮಾಡಿದಾಗ ಹೆಚ್ಚು ದಿನ ಉಳಿದಿರಲಿಲ್ಲ.

ಪ್ರಶ್ನೆಗಳಿಂದ ಶುರು ಮಾಡುವ ಕ್ರಮ ಎಲ್ಲರಿಗೂ ಮೊದಲ ದಿನದಿಂದಲೇ ಹೊಂದುತ್ತದೆ ಎಂದು ಈ ಪ್ರಕರಣದಿಂದ ಹೇಳಲಾಗದು. ಆಕೆ ಪುಸ್ತಕಗಳನ್ನು ಒಮ್ಮೆ ಕಷ್ಟಪಟ್ಟು ಓದಿದ್ದವಳು. ಪ್ರಶ್ನೆ ತಪ್ಪಿದಾಗ ಯಾವ ಪುಟಕ್ಕೆ ಹೋಗಬೇಕೆಂಬುದಾದರೂ ಗೊತ್ತಿತ್ತು. ಪದವಿ ಮುಗಿಸಿ ಬಹಳ ವರ್ಷ ಪುಸ್ತಕ ಮುಟ್ಟದವರಿಗೆ ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪಿ ಧೈರ್ಯವೇ ಕುಸಿಯಬಹುದು. ಅಂಥವರಿಗೆ ಸಂಕ್ಷಿಪ್ತ ನೋಟ್ಸ್‌ನ ಆ ಅಧ್ಯಾಯವನ್ನು ಒಮ್ಮೆ ತಿರುವಿಹಾಕಿ ಆಮೇಲೆ ಪ್ರಶ್ನೆಗೆ ಕೂರಲು ಹೇಳುತ್ತೇನೆ.

ಈಗ ಹೊಸಬರು ಬಂದಾಗ ಎರಡು ಕೆಲಸ ಮೊದಲ ವಾರಕ್ಕೇ ತಂದಿದ್ದೇನೆ. ತಪ್ಪುಗಳ ಪುಸ್ತಕ ಮೊದಲ ಇಪ್ಪತ್ತು ಪ್ರಶ್ನೆಗಳಿಂದಲೇ ಶುರುವಾಗುತ್ತದೆ. ಅನಾಟಮಿಗೆ ದಿನವೂ ಒಂದು ಹೆಸರಿಲ್ಲದ ಚಿತ್ರ ಮೇಜಿನ ಮೇಲೆ ಬರುತ್ತದೆ, ಉಳಿದ ಓದು ಏನೇ ಇರಲಿ.